ಬಳಪದಲ್ಲಿ ಬರೆದದ್ದು

ಅರ್ಜಿಯನ್ನು ವಾಪಸು ಕಳಿಸಿದವನು ನಾನೇ.
ಮಾರ್ಚಿಯ ಒಂದು ಮಂಗಳವಾರ, ಪುರಸಭೆಯ ಎರಡನೇ ಮಹಡಿ,
ಕೆಂಪು ಮಸಿ: ವಿಮೆ ಇಲ್ಲ, ನಕ್ಷೆ ಇಲ್ಲ,
ಹೊಣೆಗಾರರ ಸಹಿ ಇರಬೇಕಾದ ಕಡೆ
ಮಣ್ಣು ಮೆತ್ತಿದ ಹೆಬ್ಬೆರಳು.

ಮೆರೆರಿಡ್ ಕಾಯಲಿಲ್ಲ.
ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು,
ಹಸಿರು ದೀಪಕ್ಕೆ ಮುಂಚೆಯೇ ಗೇರು ಹಾಕಿ ರೂಢಿ.
ಬಾಗಿಲು ಮುಚ್ಚಿದ ಬ್ಯಾಂಕಿನ ಮುಂದೆ
ಕಾಂಕ್ರೀಟು ಕುಂಡದಿಂದ ಸಿಗರೇಟು ತುಂಡು ಹೆಕ್ಕಿ
ರೂಬಾರ್ಬಿನ ಗೆಡ್ಡೆ ಹೂತಳು.
‘ನೀವು ಕೊಟ್ಟರೂ ಚಿಗುರುತ್ತೆ, ಕೊಡದಿದ್ದರೂ ಚಿಗುರುತ್ತೆ’
ಎಂದಳಂತೆ, ಫೋಟೋ ತೆಗೆಯಲು ಹೋದ
ನಮ್ಮ ಕಚೇರಿಯ ಹುಡುಗನಿಗೆ.
ಅವನು ಬಂದದ್ದು ಫೋಟೋ ಇಲ್ಲದೆ,
ಉಗುರ ಸಂದಿಯಲ್ಲಿ ಕಪ್ಪು ಹೊತ್ತು.

ನಮ್ಮೂರಿನ ಮಣ್ಣು ಮಣ್ಣಲ್ಲ.
ನೂರೈವತ್ತು ವರ್ಷ ಗುಡ್ಡ ಸೀಳಿ ಸೀಳಿ
ಪರದೇಶಗಳಿಗೆ ಸೂರು ಹೊದಿಸಿ,
ಕಂಡರಿಯದ ಮಕ್ಕಳಿಗೆ ಅಕ್ಷರ ತಿದ್ದಲು ಸ್ಲೇಟು ಕೊಟ್ಟು,
ಉಳಿದ ಚೂರನ್ನು ಬೆನ್ನ ಹಿಂದೆ ರಾಶಿ ಹಾಕಿಕೊಂಡ ಊರು;
ವೇಲ್ಸಿನ ನಕ್ಷೆಯ ಮೇಲೊಂದು ಬೂದು ಚುಕ್ಕೆ.
ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ.

ಅದಕ್ಕೇ ಸ್ನಾನದ ತೊಟ್ಟಿಗಳು ಬಂದವು,
ಯಾರ್ಯಾರ ಹಿತ್ತಿಲಿಂದಲೋ, ಏಳು.
ಹೆಫಿನ್ ತಂದದ್ದು ಗುಲಾಬಿ ಬಣ್ಣದ್ದು,
ತೀರಿಕೊಂಡ ಹೆಂಡತಿ ಹಟಮಾಡಿ ಕೊಳ್ಳಿಸಿದ್ದು.
ಅದರಲ್ಲಿ ಬರೀ ಪಾರ್ಸ್ಲಿ ಹಾಕಿದ, ಯಾರಿಗೂ ಮುಟ್ಟಗೊಡಲಿಲ್ಲ.
ಕುದುರೆ ಲದ್ದಿ ಬಸ್ಸಲ್ಲೇ ಬಂತು, ಮೆರೆರಿಡ್ ಓಡಿಸುತ್ತಿದ್ದ ಅದೇ ರೂಟು;
ಹೊಸ ಡ್ರೈವರು ಎರಡು ಟಿಕೆಟು ಹರಿದ,
ಅವಳಿಗೊಂದು, ಮೂಟೆಗೊಂದು.

ಎಮ್ಲಿನ್ ಬಗ್ಗಲಾರ. ಗಣಿಯ ಧೂಳು
ಅವನೆದೆಯಲ್ಲಿ ಬಾಡಿಗೆ ಕೊಡದೆ ಕೂತಿದೆ.
ಕುರ್ಚಿ ಹಾಕಿಸಿಕೊಂಡು ಸ್ಲೇಟುಗಲ್ಲು ಸೀಳುತ್ತಿದ್ದ,
ಪುಸ್ತಕದ ಹಾಳೆ ಬಿಡಿಸಿದಷ್ಟು ಮೆಲ್ಲಗೆ.
ಪ್ರತಿ ಹಾಳೆಗೂ ಬಳಪದಲ್ಲಿ ಒಂದು ಹೆಸರು:
ಬಟಾಣಿ. ಮೂಲಂಗಿ. ಲೀಕ್, ಈರುಳ್ಳಿಯ ಆ ಉದ್ದನೆಯ ದಾಯಾದಿ.
ಕಡೆಗೆ ದೊಡ್ಡದೊಂದು:
ಬೇಕಾದವರು ಕಿತ್ತುಕೊಳ್ಳಿ.

ಯಾರೂ ಕೀಳಲಿಲ್ಲ.
ಬಸವನಹುಳ, ಹಿಮ, ನನ್ನ ಕೆಂಪು ಮಸಿ,
ಎಲ್ಲಕ್ಕೂ ತಯಾರಿದ್ದರು, ಇದೊಂದಕ್ಕಿರಲಿಲ್ಲ.
ಬಟಾಣಿ ಬಲಿತು ಗಿಲಕಿಯಾಯಿತು.
ಲೆಟ್ಯೂಸ್ ಮಾನಬಿಟ್ಟು ಎದೆಯೆತ್ತರ ಹೂಬಿಟ್ಟಿತು.
ಗಣಿ ಮುಚ್ಚಿದ ವರ್ಷ ಸೂಪಿನ ಗಾಡಿ ಬಂದಾಗ
ಕಿಟಕಿಯ ಪರದೆ ಎಳೆದುಕೊಂಡ ಜನ;
‘ಬಿಟ್ಟಿ’ ಎಂಬ ಮಾತು ಇಲ್ಲಿ
ಗಂಟಲಲ್ಲಿ ಇಳಿಯುವುದಿಲ್ಲ.

ಆ ಬರಹವನ್ನು ಮಳೆಯೊಂದೇ ಓದಿತು. ಓದಿ ಅಳಿಸಿತು.
ಎಮ್ಲಿನ್ ಬರೆದ. ಮಳೆ.
ಮತ್ತೆ ಬರೆದ.

ಸೆಪ್ಟೆಂಬರಿನ ಒಂದು ರಾತ್ರಿ, ಹೇಳಿಯೇಬಿಡುತ್ತೇನೆ,
ಸಂಬಳಕ್ಕೆ ಇನ್ನೂ ಒಂಬತ್ತು ದಿನ,
ಮನೆಯಲ್ಲಿ ಮಗಳು, ಅರ್ಧ ಪೊಟ್ಟಣ ಪಾಸ್ತಾ.
ಕೋಟಿನ ಕಾಲರೆತ್ತಿಕೊಂಡು ಹೋದೆ.
ಮೂರನೆಯ ತೊಟ್ಟಿ. ಲೀಕಿನ ಕುತ್ತಿಗೆ ಹಿಡಿದೆ.
ಬರಲೊಲ್ಲದು,
ಯಾರ ಕೈಯೆಂದು ಗುರುತು ಸಿಕ್ಕ ಹಾಗೆ.
ಕೊನೆಗೆ ಕಿತ್ತು ಬಂತು, ಬಿಳಿ ಗಡ್ಡದ ಸಮೇತ.

ಜೇಬಿನ ಒಂದು ಪೌಂಡು ಇಟ್ಟುಹೋಗೋಣವೆಂದು
ಸ್ಲೇಟು ಎತ್ತಿದರೆ
ಅಲ್ಲಿ ಆಗಲೇ ನಾಣ್ಯಗಳಿದ್ದವು.
ಒಂದು ಕೋಟಿನ ಗುಂಡಿ. ಕಾಗದದಲ್ಲಿ ಸುತ್ತಿದ ಬೀಜ.
ಉಣ್ಣೆಯ ಕಾಲುಚೀಲದೊಳಗೆ, ಒಡೆಯದಂತೆ,
ಎರಡು ಕೋಳಿಮೊಟ್ಟೆ.

ಓಹೋ. ನಾನೊಬ್ಬನೇ ಕಳ್ಳನಲ್ಲ.
ಕತ್ತಲಲ್ಲಿ ಊರಿಗೆ ಊರೇ ಬಂದುಹೋಗುತ್ತಿದೆ,
ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಕೇಳದಂತೆ,
ಮುಯ್ಯಿ ತೀರಿಸಿ.

ಎಷ್ಟೋ ಹೊತ್ತು ನಿಂತಿದ್ದೆ.
ಆಮೇಲೆ ತೋಳಿನಿಂದ ಸ್ಲೇಟು ಒರೆಸಿ
ಬಳಪ ಹುಡುಕಿ, ಕಚೇರಿಯ ಅಕ್ಷರ ಆಗದಂತೆ
ಎಡಗೈಯಲ್ಲಿ ಬರೆದೆ:
ಗುರುವಾರ ಬೆಳಗ್ಗೆ ನೀರು ಹಾಕಲು ಒಬ್ಬರು ಬೇಕು.

ಗುರುವಾರ ಹನ್ನೊಂದು ಜನ ಬಂದರು,
ಇದ್ದದ್ದು ಒಂದೇ ನೀರಿನ ಕ್ಯಾನು.
ಅದಕ್ಕಾಗಿ ಕಿತ್ತಾಡಿದರು. ಆಗಲೇ ಮಳೆಯೂ ಶುರುವಾಯಿತು.
ಆದರೂ ಹಾಕಿದರು.
ಹೋಗುವಾಗ ಒಬ್ಬೊಬ್ಬರ ಕಂಕುಳಲ್ಲೂ
ಹಾಡೇ ಹಗಲು ಒಂದೊಂದು ಕೋಸು.

ಅರ್ಜಿ ಇನ್ನೂ ನನ್ನ ಡ್ರಾಯರಿನಲ್ಲಿದೆ.
ಹೆಫಿನ್ ಮಾತ್ರ ಆ ಗುಲಾಬಿ ತೊಟ್ಟಿಯನ್ನು
ಇವತ್ತಿಗೂ ಯಾರಿಗೂ ಮುಟ್ಟಗೊಡುವುದಿಲ್ಲ.
ಹೋಗಲಿ ಬಿಡಿ.